ಅಂಗೈ ಒಳಗಿದ್ದರೆ ತುಳು

ಛಟೀರ್!

ಏಟು ಬಿದ್ದದ್ದು ವಿಜೇತಾಳ ಎಡಗೆನ್ನೆಗೆ. ಕಿವಿಯ ಓಲೆ ಕಳಚಿ, ಮುಂದಿದ್ದ ಬೆಳ್ಳುಳ್ಳಿ ಎಣ್ಣೆಯ ತಟ್ಟೆಗೆ ಬಿತ್ತು.

ಸಿಡ್ನಿಯ ಲಿವರ್‌ಪೂಲ್ ಸ್ಟ್ರೀಟಿನ ಆ ಪುಟ್ಟ ಸ್ಪ್ಯಾನಿಷ್ ಹೋಟೆಲಿನಲ್ಲಿ ಇದ್ದದ್ದೇ ಏಳೆಂಟು ಟೇಬಲ್. ಎಲ್ಲರ ಕಣ್ಣೂ ಅವಳ ಮೇಲೆ...

ಅವಳ ತಪ್ಪಾದರೂ ಏನು? ಕೇಳಿದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಆ ಹೋಟೆಲಿನಲ್ಲಿ ಸಿಗುವುದು ಟಾಪಾಸ್. ಅಂಗೈಯಗಲದ ತಟ್ಟೆಗಳಲ್ಲಿ ಒಂದಿಷ್ಟು ಆಲೂಗಡ್ಡೆ ಆಮ್ಲೆಟ್, ಒಂದಿಷ್ಟು ಸಿಗಡಿ, ಎಲ್ಲರೂ ಹಂಚಿಕೊಂಡು ತಿನ್ನಬೇಕು. ಅವಳು ತಟ್ಟೆಯಲ್ಲಿ ಉಳಿದಿದ್ದ ಕೊನೆಯ ಸಿಗಡಿಯನ್ನು ಬಾಯಿಗೆ ಹಾಕಿಕೊಂಡಿದ್ದಳು. ಅಷ್ಟೇ!

"ಕೊನೇದು ನಂಗೆ ಬಿಡ್ಬೇಕು ಅಂತ ಕಾಮನ್ ಸೆನ್ಸ್ ಇಲ್ವಾ ನಿಂಗೆ?" ತುಷಾರ್ ಹಲ್ಲು ಕಡಿದ.

ತುಷಾರ್ ಅವಳಿಗೆ ನಿಶ್ಚಯವಾದ ಹುಡುಗ. ಇಬ್ಬರದೂ ಉಡುಪಿ ಕಡೆಯ ಮನೆ, ಇಬ್ಬರದೂ ಮನೆಮಾತು ತುಳು. ಡಿಸೆಂಬರ್‌ನಲ್ಲಿ ಊರಿನಲ್ಲಿ ಮದುವೆ. ಅವನು ಕುಡಿದರೆ ಕೈ ಮುಂದಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಆದರೆ ಹೀಗೆ, ಹತ್ತು ಜನರೆದುರು...

ಅವನ ಕೈ ಮತ್ತೆ ಮೇಲೆದ್ದಿತು. ವಿಜೇತಾ ಕಣ್ಣು ಮುಚ್ಚಿಕೊಂಡಳು.

'ಬೀಳಲಿ... ಬೇಗ ಬಿದ್ದು ಮುಗೀಲಿ ದೇವರೇ!'

ಆಗ ಕೇಳಿಸಿತು ಆ ದನಿ. ಅಡುಗೆಮನೆಯ ಬಾಗಿಲ ಕಡೆಯಿಂದ, ಮೃದುವಾಗಿ, ಸಮಾಧಾನವಾಗಿ.

"ಬಲೆ... ಬಲೆ..."

ಬಲೆ! ಕನ್ನಡದ ಬಲೆಯಲ್ಲ, ತುಳುವಿನ ಬಲೆ. 'ಬನ್ನಿ' ಎಂದು ಮರ್ಯಾದೆಯಿಂದ ಕರೆಯುವ ಮಾತು. ಊರಿನಲ್ಲಿ ಅಜ್ಜಿ ಊಟಕ್ಕೆ ಬಂದ ನೆಂಟರನ್ನು ಕರೆಯುತ್ತಿದ್ದ ಮಾತು. ಈ ದೇಶಕ್ಕೆ ಬಂದ ಮೇಲೆ ಅವಳನ್ನು ಇಷ್ಟು ಮೆಲ್ಲಗೆ ಯಾರೂ ಕರೆದಿರಲಿಲ್ಲ.

ಯಾರು, ಏಕೆ ಎಂದು ಅವಳು ಯೋಚಿಸಲಿಲ್ಲ. ಕುರ್ಚಿ ತಳ್ಳಿ ಎದ್ದಳು. ಕಣ್ಣೀರಲ್ಲಿ ಏನೂ ಕಾಣದೆ, ಆ ದನಿಯ ಕಡೆಗೆ ನೇರವಾಗಿ ನಡೆದುಬಿಟ್ಟಳು.

"ಏಯ್!" ತುಷಾರ್ ಹೂಂಕರಿಸಿದ. ತುಳು ಅವನಿಗೂ ಬರುತ್ತದಲ್ಲ! "ಯಾರೋ ನೀನು? ನನ್ನ ಹುಡುಗಿನ ನನ್ನೆದುರಿಗೇ ಕರೀತೀಯಾ?"

ವೈನ್ ಬಾಟಲಿ ಟೇಬಲಿನ ಅಂಚಿಗೆ ಬಡಿದು ಒಡೆಯಿತು. ಚೂಪಾದ ಗಾಜು ವಿಜೇತಾಳ ಕುತ್ತಿಗೆಯತ್ತ ಬೀಸಿ ಬಂತು. ಅವಳಿಗೂ ಗಾಜಿಗೂ ನಡುವೆ ಬಂದದ್ದು ಒಂದು ಎಡಗೈ.

ಮೊಣಕೈಯಿಂದ ಮಣಿಕಟ್ಟಿನವರೆಗೆ ಚರ್ಮ ಸೀಳಿಹೋಯಿತು. ಬಿಳಿ ಏಪ್ರನ್ ತುಂಬ ರಕ್ತ! ಆದರೂ ಆ ಅಡುಗೆಯವನು ಬಲಗೈಯಲ್ಲಿ ತುಷಾರ್‌ನ ಮಣಿಕಟ್ಟು ತಿರುಚಿ ಅವನನ್ನು ಗೋಡೆಗೆ ಅಪ್ಪಳಿಸಿದ. ಕುರ್ಚಿಗಳು ಉರುಳಿದವು, ತಟ್ಟೆಗಳು ನೆಲಕ್ಕೆ ಬಿದ್ದವು. ಗಿರಾಕಿಗಳಿಬ್ಬರು ಹಾರಿ ಬಂದು ತುಷಾರ್‌ನನ್ನು ಅದುಮಿ ಹಿಡಿದರು. ಹೋಟೆಲಿನ ಒಡತಿ ಪಿಲಾರ್ ಎಂಬ ಸ್ಪೇನಿನ ಮುದುಕಿ ಪೊಲೀಸರಿಗೆ ಫೋನು ಮಾಡುತ್ತಾ ಅವನಿಗೆ ತನ್ನ ಭಾಷೆಯಲ್ಲಿ ಶಾಪ ಹಾಕುತ್ತಿದ್ದಳು.

ವಿಜೇತಾ ಅಡುಗೆಯವನ ತೋಳಿಗೆ ಬಟ್ಟೆ ಸುತ್ತಿದಳು.

"ನನ್ನ ಕಡೆ ಯಾಕೆ ಬಂದ್ರಿ?" ಅವನು ನರಳುತ್ತಾ ಇಂಗ್ಲಿಷಿನಲ್ಲಿ ಕೇಳಿದ. "ಹೊರಗಿನ ಬಾಗಿಲು ನಿಮ್ಮ ಪಕ್ಕದಲ್ಲೇ ಇತ್ತು, ಓಡ್ಬಾರ್ದಿತ್ತಾ?"

"ನೀವೇ ಕರೆದದ್ದಲ್ವಾ? ಬಲೆ ಬಲೆ ಅಂತ!"

ಅವನ ಕಣ್ಣು ಅಗಲವಾಯಿತು. ಮುಂದಿನ ಮಾತು ಬಂದದ್ದು ಅಪ್ಪಟ ತುಳುವಿನಲ್ಲಿ. ಇವರಿಬ್ಬರ ಮಾತೆಲ್ಲ ಇನ್ನು ಆ ಭಾಷೆಯಲ್ಲೇ, ನಿಮಗಾಗಿ ಕನ್ನಡದಲ್ಲಿ ಹೇಳುತ್ತಿದ್ದೇನೆ.

"ಅಯ್ಯೋ ಮಾರಾಯ್ರೆ! ಅದು ಸ್ಪ್ಯಾನಿಷ್! 'ಬಲೆ' ಅಂದ್ರೆ ಆಯ್ತು, ಓಕೆ, ಸಮಾಧಾನ ಮಾಡ್ಕೊ ಅಂತ. ಇಲ್ಲಿ ದಿನಕ್ಕೆ ನೂರು ಸಲ ಹೇಳ್ತೇವೆ. ನಾನು ಹೇಳಿದ್ದು ನಿಮ್ಮ ಗಂಡನಿಗೆ!"

"ಗಂಡ ಅಲ್ಲ," ಎಂದಳು ವಿಜೇತಾ. ಆಮೇಲೆ ಹೊಳೆಯಿತು. "ನೀವು... ತುಳುವಾ?"

"ಊರು ಕಾಪು. ಹೆಸರು ರೋಶನ್."

ಒಂದು ಗಳಿಗೆ ಇಬ್ಬರೂ ಮುಖ ಮುಖ ನೋಡಿಕೊಂಡರು. ಆಮೇಲೆ ವಿಜೇತಾಳಿಗೆ ನಗು ಬಂತು. ಕೆನ್ನೆ ಊದಿದೆ, ಕೈತುಂಬ ರಕ್ತ, ಆದರೂ ನಗು! ಅವನೂ ನೋವಿನಲ್ಲೇ ನಕ್ಕ. ನಗುತ್ತಾ ನಗುತ್ತಾ ಅವಳು ಜೋರಾಗಿ ಅತ್ತುಬಿಟ್ಟಳು.

*

ಕ್ವೇಕರ್ಸ್ ಹಿಲ್‌ನ ಮನೆಯಲ್ಲಿ ಚಿಕ್ಕಮ್ಮ ಗುಣವತಿ ಮರುದಿನ ಅವಳ ಪಕ್ಕ ಬಂದು ಕುಳಿತಳು.

"ಕೇಸ್ ಅಂತಾದ್ರೆ ಹುಡುಗನಿಗೆ ಇಲ್ಲೇ ಉಳೀಲಿಕ್ಕೆ ಇರುವ ಪಿಆರ್ ಹೋಗ್ತದೆ ಮಗಾ. ಕುಡಿದಿದ್ದ, ಬುದ್ಧಿ ಇರ್ಲಿಲ್ಲ. ನಿನ್ನಪ್ಪ ನಿನ್ನಮ್ಮನಿಗೆ ಹೊಡೀಲಿಲ್ವಾ? ಅಕ್ಕ ಬಿಟ್ಟು ಹೋದಳಾ?"

"ಹೋಗಿದ್ರೆ ಒಳ್ಳೇದಿತ್ತು, ಚಿಕ್ಕಮ್ಮ."

ವಿಜೇತಾ ನಿಶ್ಚಯದ ಉಂಗುರ ಕಳಚಿ ಗುಣವತಿಯ ಅಂಗೈಯಲ್ಲಿಟ್ಟು, ಪೊಲೀಸ್ ಸ್ಟೇಷನ್‌ಗೆ ಹೊರಟಳು.

ಆಮೇಲಿನ ದಿನಗಳಲ್ಲಿ, ತಾನು ಕೆಲಸ ಮಾಡುತ್ತಿದ್ದ ಬ್ಯಾಂಕಿನಿಂದ ಹೊರಟ ಮೇಲೆ ಅವಳ ಕಾಲು ತಾನಾಗಿ ಲಿವರ್‌ಪೂಲ್ ಸ್ಟ್ರೀಟಿಗೆ ತಿರುಗತೊಡಗಿತು. ಮೊದಲು ಕ್ಷಮೆ ಕೇಳುವ ನೆಪ. ಆಮೇಲೆ ಕೈ ಹೇಗಿದೆ ಎಂದು ಕೇಳುವ ನೆಪ. ಆಮೇಲೆ ನೆಪವೇ ಬೇಕಾಗಲಿಲ್ಲ ಬಿಡಿ!

ರೋಶನ್‌ನ ಎಡಗೈಯ ಎರಡು ಬೆರಳು ಮಡಚಿದಂತೆಯೇ ಉಳಿದವು. ನರ ಕತ್ತರಿಸಿತ್ತು. ಅವನು ಅದರ ಬಗ್ಗೆ ಮಾತೇ ಎತ್ತುತ್ತಿರಲಿಲ್ಲ. ಬಾಣಲೆಯನ್ನು ಉಳಿದ ಬೆರಳುಗಳಲ್ಲಿ ಹಿಡಿದು, ಬೆಳ್ಳುಳ್ಳಿ ಎಣ್ಣೆಯಲ್ಲಿ ಚಟಪಟ ಸಿಡಿಯುವ ಸಿಗಡಿಯನ್ನು ಮಣ್ಣಿನ ತಟ್ಟೆಗೆ ಹಾಕಿ ತಂದು, ಅವಳ ಎದುರು ಕುಳಿತು ತಾನೂ ಎರಡು ತಿನ್ನುತ್ತಿದ್ದ.

ತಟ್ಟೆಯಲ್ಲಿ ಒಂದೇ ಒಂದು ಉಳಿದಾಗ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದ.

"ಕೊನೇದು ನಿಮ್ಮದು," ಎನ್ನುತ್ತಿದ್ದ ಪ್ರತಿ ಸಲವೂ. ಅವಳು ಅದನ್ನು ನಿಧಾನವಾಗಿ ತಿನ್ನುತ್ತಿದ್ದಳು.

"ನೀವು ಸಿಗಡಿ ತಿಂತೀರಾ ಅಂತ ಕೇಳಿದ್ರೂ ಬಲೆ, ಬಿಲ್ ಕೊಡಿ ಅಂದ್ರೂ ಬಲೆ," ಅವಳು ಒಮ್ಮೆ ಛೇಡಿಸಿದಳು. "ನಿಜವಾಗಿ ಕರೆದ್ರೆ ನಂಗೆ ಗೊತ್ತಾಗುದು ಹೇಗೆ?"

ಅವನು ಎರಡೂ ಕೈ ಎತ್ತಿ, ಅಂಗೈ ಅವಳ ಕಡೆ ತೋರಿಸಿದ. "ಅಂಗೈ ಹೊರಗಿದ್ದರೆ ಸ್ಪ್ಯಾನಿಷ್. ಪಿಲಾರಮ್ಮನನ್ನು ನೋಡಿ, ಯಾವಾಗ್ಲೂ ಹೀಗೇ, ಸಮಾಧಾನ ಸಮಾಧಾನ ಅಂತ." ಆಮೇಲೆ ಕೈ ತಿರುಗಿಸಿ, ಬೆರಳುಗಳನ್ನು ತನ್ನ ಎದೆಯತ್ತ ಮೆಲ್ಲಗೆ ಎಳೆದುಕೊಂಡ. "ಅಂಗೈ ಒಳಗಿದ್ದರೆ ತುಳು."

ಅವಳ ಕೆನ್ನೆ ಕೆಂಪಾಯಿತು. ಈ ಸಲ ಏಟು ಬಿದ್ದು ಅಲ್ಲ.

ಇಬ್ಬರೂ ಪ್ರೀತಿಸುತ್ತಿದ್ದರು. ಪಿಲಾರಮ್ಮನಿಗೆ ಗೊತ್ತಿತ್ತು, ಪಕ್ಕದ ಟೇಬಲಿನವರಿಗೂ ಗೊತ್ತಿತ್ತು. ಆದರೆ ಬಹುವಚನ ಬಿಟ್ಟು ಮಾತಾಡುವ ಧೈರ್ಯ ಇಬ್ಬರಿಗೂ ಬಂದಿರಲಿಲ್ಲ.

*

ಫೆಬ್ರವರಿಯ ಒಂದು ಸಂಜೆ. ಇನ್ನೂ ಸುಡು ಬಿಸಿಲು. ವಿಜೇತಾ ಹೋಟೆಲಿನ ಹಿಂದಿನ ಓಣಿಯಿಂದ ಬರುತ್ತಿದ್ದಳು. ಕಸದ ಡಬ್ಬಿಗಳ ಹತ್ತಿರ ಧಡ್ ಎಂಬ ಸದ್ದು ಕೇಳಿ ಓಡಿದಳು.

ಜಾಮೀನಿನ ಮೇಲೆ ಹೊರಗಿದ್ದ ತುಷಾರ್! ಕೈಯಲ್ಲಿ ಕ್ರಿಕೆಟ್ ಬ್ಯಾಟು. ರೋಶನ್ ಮೊಣಕಾಲೂರಿ ಬಿದ್ದಿದ್ದ. ಬ್ಯಾಟು ಮತ್ತೆ ಅವನ ಬೆನ್ನಿಗೆ ಬಡಿಯಿತು.

"ನನ್ನ ಲೈಫ್ ಹಾಳು ಮಾಡಿದ್ಯಲ್ಲೋ! ಅವಳನ್ನೂ ಬಿಡಲ್ಲ... ಮುಖ ಗುರ್ತು ಸಿಗದ ಹಾಗೆ ಮಾಡ್ತೀನಿ!"

ಆ ಮಾತು ಕಿವಿಗೆ ಬಿದ್ದದ್ದೇ ತಡ, ರೋಶನ್ ಎದ್ದ. ಬ್ಯಾಟು ಕಸಿದ. ಮೊದಲ ಏಟಿಗೇ ತುಷಾರ್ ನೆಲಕ್ಕುರುಳಿದ. ಅಲ್ಲಿಗೆ ನಿಲ್ಲಬೇಕಿತ್ತು.

ನಿಲ್ಲಲಿಲ್ಲ!

ಪಕ್ಕೆಗೆ ಒಂದು. ಭುಜಕ್ಕೆ ಒಂದು. ತುಷಾರ್ ಮುದುಡಿಕೊಂಡು, "ಬಿಡೋ, ಬಿಡೋ" ಎಂದು ಗೋಗರೆಯುತ್ತಿದ್ದ. ರೋಶನ್‌ಗೆ ಏನೂ ಕೇಳಿಸುತ್ತಿರಲಿಲ್ಲ. ಏಟಿನ ಮೇಲೆ ಏಟು...

"ರೋಶನ್! ಸತ್ತೋಗ್ತಾನೆ!" ಅವಳು ಕಿರುಚುತ್ತಾ ಹತ್ತಿರ ಓಡಿದಳು.

ಅವನು ಸರ್ರನೆ ತಿರುಗಿದ. ಬ್ಯಾಟು ಇನ್ನೂ ಮೇಲಿತ್ತು. ಕಣ್ಣು ಕೆಂಡ, ಬಾಯಿಯ ಬದಿಯಲ್ಲಿ ನೊರೆ. ಅದು ಅವಳಿಗೆ ಚೆನ್ನಾಗಿ ಗೊತ್ತಿದ್ದ ಮುಖ. ಅಪ್ಪನ ಮುಖ!

ವಿಜೇತಾ ತನಗೇ ಅರಿವಿಲ್ಲದೆ ಎರಡೂ ಕೈ ಎತ್ತಿ ಮುಖ ಮುಚ್ಚಿಕೊಂಡಳು.

ರೋಶನ್‌ನ ಕೈಯಿಂದ ಬ್ಯಾಟು ಕಳಚಿ ಬಿತ್ತು.

"ನಾನು... ನಿಮಗೆ ಹೊಡೀತೇನಾ, ವಿಜೇತಾ?"

ಅವಳು ಕೈ ಕೆಳಗಿಳಿಸಲಿಲ್ಲ.

'ಇವನೂ ಅಂಥವನೇ... ಅಮ್ಮನ ಹಾಗೆ ನಾನೂ ಗೋಡೆ ಮೂಲೆಯಲ್ಲಿ ಬದುಕ್ಬೇಕಾ?' ಆ ರಾತ್ರಿಯೆಲ್ಲ ಅವಳ ತಲೆಯಲ್ಲಿ ಇದೇ ಕೊರೆಯಿತು. ಬ್ಯಾಂಕಿನಲ್ಲಿ ಮೆಲ್ಬರ್ನ್ ಆಫೀಸಿಗೆ ಟ್ರಾನ್ಸ್‌ಫರ್ ಕೇಳಿದಳು. ಸಿಕ್ಕಿತು.

ಸೆಂಟ್ರಲ್ ಸ್ಟೇಷನ್. ಬೆಳಗಿನ ಮೆಲ್ಬರ್ನ್ ರೈಲು ಹೊರಡುವ ಹೊತ್ತಿಗೆ ಅವನು ಬಂದ. ಪಿಲಾರಮ್ಮ ಹೇಳಿರಬೇಕು.

"ನಾನೇ ಪೊಲೀಸ್ ಸ್ಟೇಷನ್‌ಗೆ ಹೋಗಿ ಎಲ್ಲ ಹೇಳಿದೆ," ಎಂದ. "ಬಿದ್ದ ಮೇಲೂ ಹೊಡೆದೆ ಅಂತ. ತುಷಾರ್‌ಗೆ ಪ್ರಾಣಾಪಾಯ ಇಲ್ಲ, ಅವನ ಜಾಮೀನೂ ಇನ್ನೂ ಇದೆಯಂತೆ. ನನ್ನಿಂದ ಕೋರ್ಟಲ್ಲಿ ಬಾಂಡ್ ಬರೆಸಿಕೊಳ್ತಾರಂತೆ. ಇನ್ನೊಮ್ಮೆ ಯಾರ ಮೇಲಾದ್ರೂ ಕೈ ಎತ್ತಿದ್ರೆ ಜೈಲು."

ಅವಳ ನೋಟ ಪ್ಲಾಟ್‌ಫಾರ್ಮಿನ ನೆಲದ ಮೇಲಿತ್ತು. ಅವನ ಕೈಗಳನ್ನು ನೋಡಲು ಅವಳಿಗೆ ಭಯ!

"ನಾನು ಹೋಗ್ತಿದ್ದೇನೆ, ರೋಶನ್."

ಅವನ ಗಂಟಲಿನಿಂದ ಒಂದೇ ಒಂದು ಮಾತು ಬಂತು.

"ಬಲೆ."

'ಓಕೆ ಅಂತೆ! ಹೋಗ್ಬೇಡಿ ಅನ್ಲಿಲ್ಲ... ಬಿಲ್ ಕೊಡಿ ಅಂದವರಿಗೆ ಹೇಳಿದ ಹಾಗೆ, ಓಕೆ!'

ರೈಲು ಕದಲಿತು. ಕಿಟಕಿಯ ಗಾಜಿನಾಚೆ ಅವನು ಕೈ ಮುಂದೆ ಚಾಚಿ ನಿಂತಿದ್ದ. ಬೆರಳುಗಳು ಒಳಕ್ಕೆ ಮಡಚಿದ್ದವು. ಗಾಯದ ಕೈಯಲ್ಲವೇ, ಬೆರಳು ಬಿಡಿಸಿ ಟಾಟಾ ಮಾಡಲೂ ಬರುವುದಿಲ್ಲ ಎಂದುಕೊಂಡು ಅವಳು ಮುಖ ತಿರುಗಿಸಿ ಅತ್ತಳು.

*

ಮೆಲ್ಬರ್ನ್. ಡಾಕ್‌ಲ್ಯಾಂಡ್ಸ್‌ನ ಗಾಜಿನ ಆಫೀಸು, ಟ್ರಾಮು, ಮೂಳೆ ಕೊರೆಯುವ ಗಾಳಿ. ಆ ವರ್ಷ ಮೆಲ್ಬರ್ನ್‌ನಲ್ಲಿ ರೈಲು ಇಳಿದು ಒಬ್ಬರೇ ನಡೆಯಲು ನಮ್ಮವರಿಗೆಲ್ಲ ಹೆದರಿಕೆ. ಯಾರದೋ ತಲೆ ಒಡೆದರು, ಯಾರನ್ನೋ ಚುಚ್ಚಿದರು ಎಂಬ ಸುದ್ದಿಯೇ ದಿನಾ. ವಿಜೇತಾ ಕೀಲಿಕೈಯನ್ನು ಬೆರಳುಗಳ ನಡುವೆ ಚೂಪಾಗಿ ಹಿಡಿದು ಮನೆಗೆ ನಡೆಯುವುದನ್ನು ಕಲಿತಳು.

ರೋಶನ್ ಮೇಲೆ ಸಿಟ್ಟಿತ್ತು. ಹೊಡೆದದ್ದಕ್ಕಿಂತ ಹೆಚ್ಚಾಗಿ, ಆ ಒಂದು 'ಓಕೆ'ಗೆ.

ಜುಲೈಯಲ್ಲಿ ಆಫೀಸಿನವರು ಅವಳನ್ನು ಫಿಟ್ಜ್‌ರಾಯ್‌ನ ಒಂದು ಟಾಪಾಸ್ ಹೋಟೆಲಿಗೆ ಬಲವಂತವಾಗಿ ಎಳೆದುಕೊಂಡು ಹೋದರು. ಬೆಳ್ಳುಳ್ಳಿ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಸಿಗಡಿಯ ತಟ್ಟೆ ಬಂತು. ಎಲ್ಲರೂ ತಿಂದರು. ಕೊನೆಯದನ್ನು ಪಕ್ಕದವನು ಸಹಜವಾಗಿ ಎತ್ತಿ ಬಾಯಿಗೆ ಹಾಕಿಕೊಂಡ. ಅವಳಿಗೆ ಅಳು ಒತ್ತರಿಸಿ ಬಂತು.

ಅಷ್ಟರಲ್ಲಿ ಬಾರ್ ಹತ್ತಿರ ಕುಡುಕರಿಬ್ಬರು ಹೊಡೆದಾಟಕ್ಕೆ ಬಿದ್ದರು. ಒಬ್ಬನ ಮೂಗು ಒಡೆದು ಬಿಯರ್ ಗ್ಲಾಸಿನ ಮೇಲೆಲ್ಲ ರಕ್ತ. ಸ್ಪೇನಿನ ಬಾರ್‌ಮನ್ ಓಡಿ ಬಂದು ನಡುವೆ ನಿಂತ. "ಬಲೆ, ಬಲೆ!"

ಅವನ ಎರಡೂ ಅಂಗೈ ಹೊರಗಿದ್ದವು. ಗೋಡೆಯ ಹಾಗೆ ಬಿಗಿಯಾಗಿ ಹೊರಗೆ.

ವಿಜೇತಾ ಕುಳಿತಲ್ಲೇ ಕಲ್ಲಾದಳು.

'ಅಂಗೈ ಹೊರಗಿದ್ದರೆ ಸ್ಪ್ಯಾನಿಷ್...'

ಸ್ಟೇಷನ್ನು. ಗಾಜಿನಾಚೆಯ ಕೈ. ಗಾಯವಾದದ್ದು ಎಡಗೈ... ಅವನು ಚಾಚಿದ್ದದ್ದು ಬಲಗೈ! ಒಳ್ಳೆಯ ಕೈ! ಬೆರಳುಗಳನ್ನು ಅವನೇ ಮಡಚಿದ್ದ, ತನ್ನ ಎದೆಯತ್ತ ಎಳೆದುಕೊಂಡಿದ್ದ.

ಓಕೆ ಅಂದಿರಲಿಲ್ಲ. 'ಬನ್ನಿ' ಅಂದಿದ್ದ!

"ಅಯ್ಯೋ, ನನ್ನ ಕಿವಿಗಿಷ್ಟು ಬೆಂಕಿ ಹಾಕ!" ಅವಳು ತುಳುವಿನಲ್ಲೇ ಗಟ್ಟಿಯಾಗಿ ಹೇಳಿಬಿಟ್ಟಳು. ಆಫೀಸಿನವರೆಲ್ಲ ಅವಳ ಮುಖ ನೋಡಿದರು.

ಫೋನು ಕೈಗೆತ್ತಿಕೊಂಡಳು. ಕೆಳಗಿಟ್ಟಳು. ಕರೆದದ್ದು ನಿಜ, ಆದರೆ ಆ ಬ್ಯಾಟು ಹಿಡಿದ ಮುಖವೂ ನಿಜವಲ್ಲವೇ? ಕರೆದವನು ನಾಳೆ ಹೊಡೆಯುವುದಿಲ್ಲ ಎಂದು ಹೇಗೆ ನಂಬುವುದು? ಅಮ್ಮನನ್ನೂ ಅಪ್ಪ ಪ್ರೀತಿಯಿಂದಲೇ ಕರೆದಿದ್ದನಂತೆ.

*

ಆಗಸ್ಟ್‌ನಲ್ಲಿ ಬಾಟಲಿ ಕೇಸು ವಿಚಾರಣೆಗೆ ಬಂತು. ಕೋರ್ಟೂ ಅದೇ ಲಿವರ್‌ಪೂಲ್ ಸ್ಟ್ರೀಟಿನಲ್ಲಿ. ವಿಜೇತಾ ಸಿಡ್ನಿಗೆ ಬಂದು ಸಾಕ್ಷಿ ಹೇಳಿದಳು, ದನಿ ನಡುಗಲಿಲ್ಲ. ತುಷಾರ್ ತಪ್ಪಿತಸ್ಥನೆಂದು ತೀರ್ಪಾಯಿತು. ಶಿಕ್ಷೆ ಎಷ್ಟೆಂದು ಹೇಳಲು ಇನ್ನೊಂದು ದಿನ ಕೊಟ್ಟು, ಅಲ್ಲಿಯವರೆಗೆ ಜಾಮೀನು ಮುಂದುವರಿಸಿದರು. ರೋಶನ್ ತನ್ನ ಸಾಕ್ಷಿ ಮುಗಿಸಿ, ಅವಳತ್ತ ಒಮ್ಮೆ ನೋಡಿ, ಹೊರಟುಹೋಗಿದ್ದ.

ಅವಳು ಹೋಟೆಲಿಗೆ ನಡೆದಳು.

ಬಾಗಿಲು ತಳ್ಳಿದರೆ ಒಳಗೆ ಮಧ್ಯಾಹ್ನದ ಊಟದ ಗದ್ದಲ. ಬಾರ್‌ನ ಹಿಂದೆ ರೋಶನ್, ಉದ್ದನೆಯ ಚಾಕುವಿನಲ್ಲಿ ಒಣಮಾಂಸ ತೆಳ್ಳಗೆ ಕೊಯ್ಯುತ್ತಿದ್ದ. ಅವಳನ್ನು ಕಂಡು ಚಾಕು ನಿಂತಿತು.

"ಬಂದ್ರಾ..." ಎಂದ. ಅಷ್ಟೇ ಹೊರಟಿತು.

ಅವಳು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಯಾರೋ ಅವಳ ಜಡೆ ಹಿಡಿದು ಎಳೆದರು. ತುಷಾರ್! ಕೋರ್ಟಿನಿಂದಲೇ ಹಿಂಬಾಲಿಸಿದ್ದ. ಅವಳನ್ನು ಪಕ್ಕಕ್ಕೆ ಎಸೆದು, ಬಾರ್ ಮೇಲೆ ಬಗ್ಗಿ ರೋಶನ್‌ನ ಬಾಯಿಗೆ ಗುದ್ದಿದ. ಮತ್ತೆ ಗುದ್ದಿದ. ತುಟಿ ಸೀಳಿತು.

"ಹೊಡಿಯೋ! ಬಾಂಡ್ ಇದೆಯಲ್ಲ ನಿಂಗೆ! ಹೊಡಿ, ಇಬ್ಬರೂ ಒಟ್ಟಿಗೇ ಜೈಲಿಗೆ ಹೋಗೋಣ!"

ಟೇಬಲಿಗೆ ಬಡಿದಿದ್ದ ವಿಜೇತಾಳ ಹಣೆಯಿಂದ ರಕ್ತ ಇಳಿಯುತ್ತಿತ್ತು. ರೋಶನ್ ಅದನ್ನು ನೋಡಿದ. ಅವನ ಕಣ್ಣು ಕೆಂಡವಾಯಿತು. ಬೆರಳುಗಳು ಚಾಕುವಿನ ಹಿಡಿಯ ಮೇಲೆ ಬಿಗಿದವು.

ಅದೇ ಮುಖ! ಓಣಿಯ ಮುಖ!

ಈ ಸಲ ವಿಜೇತಾ ತನ್ನ ಮುಖ ಮುಚ್ಚಿಕೊಳ್ಳಲಿಲ್ಲ. ಎದ್ದು ನಿಂತಳು. ಕೈ ಮುಂದೆ ಚಾಚಿದಳು, ಅಂಗೈ ಒಳಗೆ. ಬೆರಳುಗಳನ್ನು ಎದೆಯತ್ತ ಎಳೆದುಕೊಂಡಳು.

"ಬಲೆ."

ರೋಶನ್ ತಡೆದ.

"ಬಲೆ, ರೋಶನ್. ಅವನನ್ನು ಬಿಟ್ಟು ಬನ್ನಿ."

ಅವನ ಉಸಿರು ಗೂಳಿಯ ಹಾಗೆ ಏರಿಳಿಯುತ್ತಿತ್ತು. ಒಂದು ಗಳಿಗೆ... ಚಾಕು ಹಲಗೆಯ ಮೇಲೆ ಬಿತ್ತು. ಅವನು ತುಷಾರ್‌ಗೆ ಬೆನ್ನು ಹಾಕಿ ಬಾರ್ ಸುತ್ತಿ ಅವಳ ಕಡೆಗೆ ನಡೆದು ಬಂದ. ಹಿಂದಿನಿಂದ ಎಸೆದ ಕುರ್ಚಿ ಅವನ ಬೆನ್ನಿಗೆ ಬಡಿದು ಮುರಿಯಿತು. ತೂರಾಡಿದ. ತಿರುಗಲಿಲ್ಲ. ಬಂದೇ ಬಂದ.

ಪಿಲಾರಮ್ಮ ಕಾದ ಬಾಣಲೆ ಹಿಡಿದು ತುಷಾರ್‌ನ ಮುಂದೆ ನಿಂತಿದ್ದಳು, ಗಿರಾಕಿಗಳು ಅವನನ್ನು ನೆಲಕ್ಕೆ ಕೆಡವಿ ಮೇಲೆ ಕುಳಿತಿದ್ದರು. ನಾಲ್ಕು ಹೆಜ್ಜೆಯಲ್ಲಿ ಕೋರ್ಟು, ಪೊಲೀಸರು ಬಂದು ಅವನನ್ನು ಎಳೆದೊಯ್ಯಲು ಹೊತ್ತು ಹಿಡಿಯಲಿಲ್ಲ. ಜಾಮೀನು ಅಲ್ಲಿಗೆ ಮುಗಿಯಿತು.

ಮುರಿದ ಕುರ್ಚಿಯ ಚೂರು ಗುಡಿಸುವ ಸದ್ದಿನ ನಡುವೆ ಇಬ್ಬರೂ ಎದುರುಬದುರು ನಿಂತಿದ್ದರು.

"ಕರೆದ್ರಾ?" ತುಟಿಯ ರಕ್ತ ಒರೆಸಿಕೊಳ್ಳುತ್ತಾ ರೋಶನ್ ಕೇಳಿದ.

"ನಾನಾ? ಇಲ್ಲಪ್ಪ. ಸ್ಪ್ಯಾನಿಷ್‌ನಲ್ಲಿ ಓಕೆ ಅಂದದ್ದು."

"ಅಂಗೈ ಒಳಗಿತ್ತಲ್ಲ!"

"ಸ್ಟೇಷನ್‌ನಲ್ಲಿ ನಿಮ್ಮದೂ ಒಳಗೇ ಇತ್ತು." ಅವಳ ದನಿ ಒಡೆಯಿತು. "ನಾನು ದಡ್ಡಿ... ನೋಡಿದ್ರೂ ತಿಳೀಲಿಲ್ಲ."

ಅವಳೇ ಮುಂದುವರಿಸಿದಳು. "ರೋಶನ್, ನಾನು ಹೊಡೆತ ನೋಡಿ ಬೆಳೆದವಳು. ಯಾರಾದ್ರೂ ಕೈ ಎತ್ತಿದ್ರೆ ನಂಗೆ ಗೊತ್ತಿಲ್ಲದೆ ಮುಖ ಮುಚ್ಕೊಳ್ತೇನೆ. ನಿಮ್ಮೆದುರೂ ಮುಚ್ಕೊಂಡೇನು."

"ಮುಚ್ಕೊಳ್ಳಿ. ನೀವು ತೆಗೆಯುವವರೆಗೆ ನಾನು ಕೈ ಕೆಳಗಿಟ್ಟು ಕಾಯ್ತೇನೆ." ಅವನ ಕಣ್ಣು ತುಂಬಿತ್ತು. "ಆ ಓಣಿಯ ಮನುಷ್ಯನಿಗೆ ನನಗೂ ಹೆದರಿಕೆಯೇ. ಇವತ್ತು ಅವನು ಬಂದಿದ್ದ. ನೀವು ಕರೆದ್ರಿ, ಹೋದ. ನಿಮ್ಮ ಮೇಲೆ ಪ್ರೀತಿ ಇದೆ, ವಿಜೇತಾ. ಇದನ್ನಾದ್ರೂ ಸ್ಪಷ್ಟ ಹೇಳ್ತೇನೆ."

ಅವನು ಮಡಚಿದ ಬೆರಳಿನ ಎಡಗೈಯನ್ನು ಮೆಲ್ಲಗೆ ಎತ್ತಿ ಅವಳ ಹಣೆಯ ರಕ್ತ ಒರೆಸಲು ಚಾಚಿದ. ಕೈ ಮುಖದ ಹತ್ತಿರ ಬಂತು. ಅವಳು ಕದಲಲಿಲ್ಲ. ಕಣ್ಣು ಮುಚ್ಚಲೂ ಇಲ್ಲ.

"ಏಯ್, ಪ್ರೇಮಿಗಳೇ!" ಅಡುಗೆಮನೆಯಿಂದ ಪಿಲಾರಮ್ಮ ಕೂಗಿದಳು. "ಸಿಗಡಿ ಆರ್ತಾ ಇದೆ! ಒಂದೇ ಒಂದು ಉಳಿದದ್ದು!"

"ಅದು ಇವರದ್ದು," ಎಂದ ರೋಶನ್.

ವಿಜೇತಾ ಅಳುತ್ತಲೇ ನಕ್ಕಳು. "ಈ 'ಬಲೆ' ಇನ್ನು ಬೇಡ ಮಾರಾಯ್ರೆ. ನೀವು ಓಕೆ ಅಂದ್ರೋ, ಬನ್ನಿ ಅಂದ್ರೋ ಅಂತ ನಂಗೆ ಇನ್ನೊಂದು ಸಲ ಒದ್ದಾಡ್ಲಿಕ್ಕೆ ಆಗುದಿಲ್ಲ. ಸ್ಪೇನಿನವರಿಗೆ ಅರ್ಥ ಆಗದ ಹಾಗೆ ಕರೀರಿ."

ಅವನಿಗೆ ಮೊದಲು ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಕಿವಿಯವರೆಗೆ ಕೆಂಪಾದ.

ತುಳುವಿನಲ್ಲಿ 'ಬಲೆ' ಅಂದರೆ 'ಬನ್ನಿ', ಮರ್ಯಾದೆಯವರಿಗೆ. ತೀರ ತಮ್ಮವರನ್ನು 'ಬಾ' ಎಂದು ಕರೆಯಲು ಇನ್ನೊಂದು ಮಾತಿದೆ, ಅದಕ್ಕಿಂತ ಚಿಕ್ಕದು. ಅದನ್ನು ಅವನು ಇಷ್ಟು ದಿನ ಬಾಯಲ್ಲೇ ಇಟ್ಟುಕೊಂಡಿದ್ದ.

"ವಿಜೇತಾ..."

"ಹ್ಞೂಂ?"

"ಬಲ."

ಈ ಸಲ ಅವಳು ಸರಿಯಾಗಿಯೇ ಕೇಳಿಸಿಕೊಂಡಳು.